ಹೆಡ್‌ಲೈಟಿನ ಮೇಲೆ ಮೂರು ಬೆರಳು

ನಂದೀಶ ಒದ್ದೆ ಬಟ್ಟೆ ಹಿಂಡಿಕೊಂಡು ಕಾರಿನ ಮುಂಭಾಗಕ್ಕೆ ಬಗ್ಗುವಷ್ಟರಲ್ಲಿ ಚಂದ್ರವ್ವ ಅದನ್ನು ಅವನ ಕೈಯಿಂದ ಕಸಿದುಕೊಂಡಳು.

"ನಾ ಒರಸ್ತೀನಿ. ನೀ ಹೋಗಿ ಅಂಗಿ ಹಾಕ್ಕೋ."

"ಇವತ್ತರೆ ಸುಮ್ನ ಕೂಡಬಾರದೇನವ್ವ?"

ಅವಳು ಕೂಡಲಿಲ್ಲ. ಒಳಗೆ ಮನೆ ತುಂಬ ಜನ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿದ್ದ ಕನ್ನಡದವರೆಲ್ಲ ಅವಳ ಗಂಡ ಶರಣಬಸಪ್ಪನ ಮಣ್ಣಿಗೆಂದು ಬಂದು ಸೇರಿದ್ದರು. ಮಗ ನಂದೀಶ ನಿನ್ನೆ ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಿಂದ ವಿಮಾನದಲ್ಲಿ ಬಂದಿದ್ದ. ಗ್ಯಾರೇಜಿನ ಚಳಿಯಲ್ಲಿ ಒಬ್ಬಳೇ ನಿಂತು ಅವಳು ಮುಂದಿನ ಗಾಜು ಒರೆಸಿದಳು, ಬಾಗಿಲು ಒರೆಸಿದಳು, ಬಾನೆಟ್ಟನ್ನೂ ಒರೆಸಿದಳು. ಹೆಡ್‌ಲೈಟುಗಳ ಹತ್ತಿರ ಬಂದಾಗ ಮಾತ್ರ, ಒಂದು ಹನಿ ಅತ್ತ ಸಿಡಿದೀತೆಂದು, ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದಳು.

ಎರಡೂ ಹೆಡ್‌ಲೈಟುಗಳ ಮೇಲೆ ಮೂರು ಮೂರು ಗೆರೆ ವಿಭೂತಿ ಒಣಗಿ ಕೂತಿತ್ತು. ಹೊಸದಾಗಿ ಕೊಂಡು ತಂದ ಗಾಡಿಗೆ ಸೋಮವಾರ ಪೂಜೆ ಮಾಡಿ ಗಂಡ ತನ್ನ ಕೈಯಿಂದಲೇ ಎಳೆದದ್ದು. ಮಂಗಳವಾರ ಬೆಳಗ್ಗೆ ಅವನು ಏಳಲೇ ಇಲ್ಲ. ಹಿಂದೊಮ್ಮೆ ರಾಯಚೂರಿನಲ್ಲಿ ಫ್ಯಾನ್‌ಬೆಲ್ಟಿಗೆ ಸಿಕ್ಕು ಅವನ ಬಲಗೈಯ ಉಂಗುರದ ಬೆರಳಿನ ತುದಿ ಹೋಗಿತ್ತು. ಅದಕ್ಕೇ ಅವನು ಎಳೆಯುವ ಕೆಳಗಿನ ಗೆರೆ ನಡುವೆ ಹರಿದು, ಸ್ವಲ್ಪ ಬಿಟ್ಟು, ಮತ್ತೆ ಹಿಡಿಯುತ್ತಿತ್ತು. ಬೇರೆ ಯಾರ ಕೈಯಿಂದಲೂ ಆ ಗೆರೆ ಬರುವಂಥದ್ದಲ್ಲ. ಅವನು ಮಲಗಿದ್ದ ಹಾಸು, ಹೊದಿಕೆ, ತೊಟ್ಟ ಬನಿಯನ್ನು, ಎಲ್ಲವನ್ನೂ ಪಕ್ಕದ ಮನೆಯ ಅನುರಾಧಾ ಆ ದಿನವೇ ಮಷಿನ್ನಿಗೆ ಹಾಕಿ ತೊಳೆದಿಟ್ಟಿದ್ದಳು. ಮೈಸೂರಿನ ಕಡೆಯ ನರ್ಸು, ಕರುಳಿನವಳು; ಚಂದ್ರವ್ವನನ್ನು ಅಕ್ಕ ಎಂದೇ ಕರೆಯುವವಳು. ಬೇಡ ಅನ್ನಲು ಚಂದ್ರವ್ವನಿಗೆ ಆಗ ಬಾಯಿ ಬಂದಿರಲಿಲ್ಲ. ಉಳಿದದ್ದು ಈ ಗೆರೆಗಳಷ್ಟೇ.

ಜನರೆದುರು ಇದನ್ನು ಹೇಗೆ ಹೇಳುವುದು? ಗಂಡ ಹೋದ ದುಃಖದಲ್ಲಿ ಇವಳಿಗೆ ತಲೆ ಕೆಟ್ಟಿದೆ ಅಂದಾರು.

ಅಷ್ಟರಲ್ಲಿ ಹೆಣದ ಗಾಡಿ ಬಂದು ಬಾಗಿಲಿಗೆ ನಿಂತಿತು. ಅದರ ಯಜಮಾನ, ಇಲ್ಲಿಯ ಬಿಳಿಯ, ತಗ್ಗಿದ ದನಿಯಲ್ಲಿ ಏನೋ ಹೇಳಿದ. ನಂದೀಶ ಟೈ ಬಿಗಿಯುತ್ತ ಬಂದು ಅದನ್ನು ಅವ್ವನಿಗೆ ಮುಟ್ಟಿಸಿದ: ಸಾಲಿನಲ್ಲಿ ಬರುವ ಗಾಡಿಗಳೆಲ್ಲ ಹಾಡಹಗಲಾದರೂ ಲೈಟು ಹಚ್ಚಿಕೊಂಡೇ ಬರಬೇಕಂತೆ, ಇಲ್ಲಿಯ ರೂಢಿಯಂತೆ.

ಚಂದ್ರವ್ವ ಹೆಡ್‌ಲೈಟುಗಳ ಕಡೆ ತಿರುಗಿದಳು. ಲೈಟು ಹಚ್ಚಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಇಲ್ಲ, ಗೊತ್ತಿರಲಿಲ್ಲ. ಭಯ ಇದ್ದದ್ದೇ ಅಲ್ಲಿ.

*

ಶರಣಬಸಪ್ಪ ರಾಯಚೂರಿನ ಐಟಿಐ ಬಿಟ್ಟು ಬಂದು, ಇಲ್ಲಿ ಮೋಟಾರು ಗಾಡಿಯ ವೈರಿಂಗು ಕಲಿಸುವ ಕೆಲಸ ಹಿಡಿದವನು. ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಜಪಾನಿನಲ್ಲಿ ಸಾಹುಕಾರರು ಮೆರೆಸಿ ಬಿಟ್ಟ, ಹಡಗಿನಲ್ಲಿ ಇಲ್ಲಿಗೆ ಬಂದಿಳಿಯುವ ಹಳೆಯ ಜರ್ಮನ್ ಕಾರುಗಳ ಹುಚ್ಚೊಂದು ಅವನಿಗಿತ್ತು. ಒಂದಾದ ಮೇಲೊಂದು, ಅದೇ ಕಂಪನಿಯ ಮೂರು ಕಾರು ಮನೆಗೆ ಬಂದವು.

ಮೊದಲನೆಯದು ಎಂಬತ್ತೊಂಬತ್ತರ ಮಾಡೆಲ್ಲು. ಸ್ಟೇರಿಂಗಿನ ಪಕ್ಕ ಪುಟ್ಟದೊಂದು ಗುಂಡಿ. ಒತ್ತಿದರೆ ಬಂಪರಿನಿಂದ ಬಸವನಹುಳದ ಕೋಡಿನಂತೆ ಎರಡು ಮೊಳಕೆ ಹೊರಚಾಚಿ, ಹೆಡ್‌ಲೈಟಿಗೆ ಚಿರ್ರನೆ ನೀರು ಹೊಡೆದು, ಮತ್ತೆ ಒಳಗೆ ಅಡಗುತ್ತಿದ್ದವು. ಗಾಡಿ ತನ್ನ ಮಾರಿ ತಾನೇ ತೊಳಕೊಳ್ಳುವುದನ್ನು ಕಂಡು ಚಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ಎರಡನೆಯದು ತೊಂಬತ್ತೈದರದು. ಅದರಲ್ಲಿ ಆ ಗುಂಡಿಯೇ ಇರಲಿಲ್ಲ. ಒಂದು ಇಡೀ ಭಾನುವಾರ ಹುಡುಕಿದ ಮೇಲೆ ಸಿಕ್ಕಿತು: ಲೈಟು ಹತ್ತಿರುವಾಗ ಮುಂದಿನ ಗಾಜಿಗೆ ನೀರು ಬಿಡುವ ಕಡ್ಡಿ ಎಳೆದರೆ ಹೆಡ್‌ಲೈಟಿಗೂ ನೀರು ಹೋಗುತ್ತದೆ, ಲೈಟು ಆರಿದ್ದರೆ ಇಲ್ಲ.

"ತೊಳಿಯೂದು ಅದ ದೀಪ, ಅದ ನೀರು," ಎಂದು ಅವನು ಊಟಕ್ಕೆ ಕೂತು ಹೇಳಿದ್ದ. "ಹೊಸಾ ಸೊಸಿ ಬಂದ್ಲು ಅಂದ್ರ ಉಪ್ಪಿನ ಡಬ್ಬಿ ಜಾಗಾ ಬದಲಾಗೂದಿಲ್ಲೇನು, ಹಂಗ. ವರ್ಷಾ ಒಬ್ಬಾವ ಎಂಜಿನಿಯರ್ ಬರ್ತಾನ, ಕೀಲಿ ಬ್ಯಾರೆ ಕಡೆ ಇಡ್ತಾನ."

ಮೂರನೆಯದು, ಎರಡು ಸಾವಿರದ ಮಾಡೆಲ್ಲು, ಶನಿವಾರ ಬಂತು. ಇನ್ನೂ ಎಷ್ಟು ಹಳೇ ಡಬ್ಬಿ ಕೊಳ್ಳುತ್ತೀಯಪ್ಪ, ಸಣ್ಣದೊಂದು ಹೊಸ ಗಾಡಿ ತಗೊಳ್ಳಬಾರದೇ ಎಂದು ನಂದೀಶ ಮುನಿಸಿಕೊಂಡಿದ್ದ. ಸೋಮವಾರ ಪೂಜೆ ಮುಗಿಸಿ, ಗಾಡಿಯ ಪುಸ್ತಕವನ್ನೆಲ್ಲ ಓದಿ, ಶರಣಬಸಪ್ಪ ಮೊದಲು ಮಗನಿಗೇ ಫೋನು ಮಾಡಿದ. ಮಾತು ಬೇಗ ಮುಗಿಯಿತು. ಹೇಳಲು ಉಳಿದದ್ದನ್ನು ಹೊತ್ತುಕೊಂಡು ಅಡುಗೆಮನೆಗೆ ಬಂದ. ಕುಕ್ಕರು ಸೀಟಿ ಹಾಕುತ್ತಿತ್ತು, ಒಗ್ಗರಣೆ ಸಿಡಿಯುತ್ತಿತ್ತು. ಐದನೇ ಸಲ ಎಂದೇನೋ ಅಂದ. ಒತ್ತಿ ಹಿಡಕೊಂಡರೆ ಎಂದೇನೋ ಅಂದ. ಹೂಂ, ಹೂಂ ಎನ್ನುತ್ತ ಅವಳು ಬೇಳೆ ಕಡೆದಳು.

"ಕೇಳಿದೆಲ್ಲ?" ಅಂದಿದ್ದ.

"ಕೇಳೀನಿ, ಏಳ್ರಿ ಊಟಕ್ಕ."

*

ಹೆಣದ ಗಾಡಿಯ ಹಿಂದೆಯೇ ನಂದೀಶ ಕಾರು ಬಿಟ್ಟ. ಅವನ ಪಕ್ಕದಲ್ಲಿ ಚಂದ್ರವ್ವ. ಹಿಂದಿನ ಕಾರಿನಲ್ಲಿ ಮೃತ್ಯುಂಜಯ. ಅವನು ಗಂಡನ ಗೆಳೆಯ, ಜಂಗಮರ ಮನೆಯವನು, ಮಣ್ಣಿನ ವಿಧಿ ಮಾಡಿಸಬೇಕಾದವನು. ಅದರ ಹಿಂದೆ ಉಳಿದವರು. ಮನೆಯಲ್ಲಿ ದೀಪ ಆರದಂತೆ ನೋಡಿಕೊಳ್ಳಲು ಅನುರಾಧಾ ಉಳಿದಿದ್ದಳು.

ಚಳಿಗಾಲದ ಬಿಸಿಲು ಎದುರಿನಿಂದ ಅಡ್ಡ ಹೊಡೆಯುತ್ತಿತ್ತು. ಬೆಳಗ್ಗೆ ಅವಳು ಅವಸರದಲ್ಲಿ ಒರೆಸಿದ ಗಾಜಿನ ಮೇಲೆ ಬಟ್ಟೆಯ ಜಾಡು ಉಳಿದಿತ್ತು. ಬಿಸಿಲು ಬಿದ್ದದ್ದೇ ಅದೆಲ್ಲ ಬೆಳ್ಳಗೆ ಮೇಲೆದ್ದಿತು. ಮುಂದಿನ ಗಾಡಿ ಮಸುಕಾಯಿತು. ನಂದೀಶ ಕಣ್ಣು ಕಿರಿದು ಮಾಡಿದ, ಕುತ್ತಿಗೆ ಚಾಚಿದ. ಚಂದ್ರವ್ವ ರಸ್ತೆ ನೋಡುತ್ತಿರಲಿಲ್ಲ, ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಬೆರಳು ಸ್ಟೇರಿಂಗು ಬಿಟ್ಟು ಪಕ್ಕದ ಕಡ್ಡಿಯ ಕಡೆ ಸರಿದವು.

"ಅದನ್ನ ಮುಟ್ಟಬ್ಯಾಡ."

"ಯಾಕ? ಏನೂ ಕಾಣವಲ್ದು."

"ಲೈಟ್ ಹತ್ತ್ಯಾವು. ನೀರು ಬಿಟ್ರ ಹೆಡ್‌ಲೈಟ್‌ಗೂ ಹೋಗತದ."

"ಹೋದ್ರ ಹೋಗ್ಲಿ ಬಿಡು, ಒಳ್ಳೇದ ಆತಲ್ಲ."

"ನಿಮ್ಮಪ್ಪಾರು ಹಚ್ಚಿದ ವಿಭೂತಿ ಗೆರಿ ಅದಾವು ಅದರ ಮ್ಯಾಲ."

ನಂದೀಶ ಕೈ ಹಿಂದಕ್ಕೆ ತಂದ. ಸ್ವಲ್ಪ ದೂರ ಹೋದ ಮೇಲೆ, ಸಣ್ಣ ಮಕ್ಕಳನ್ನು ಕೇಳುವಂತೆ ಮೆಲ್ಲಗೆ ಕೇಳಿದ. ಒಂದು ಸಲ ಎಳೆದರೆ ಹೋಗುತ್ತದೋ, ಹೇಗೆ? ಅವಳಿಗೆ ಗೊತ್ತಿರಲಿಲ್ಲ. ಮೊದಲ ಸಲಕ್ಕೇ ಇರಬಹುದು. ಐದನೇ ಸಲಕ್ಕಿರಬಹುದು, ಹಾಗಿದ್ದರೆ ಶನಿವಾರದಿಂದ ಎಷ್ಟು ಸಲ ಎಳೆದಾಗಿದೆಯೋ ಯಾರು ಬಲ್ಲರು? ಹಿಡಿದುಕೊಂಡರೆ ಮಾತ್ರ ಇರಬಹುದು. ಲೈಟು ಆರಿಸಿ ಎಳೆದರೆ ಉಳಿದೀತು, ಆದರೆ ಅದು ಹಿಂದಿನ ಕಾರಿನ ಮಾತು.

"ನಿನಗ ಹೇಳಿದ್ರಲ್ಲ ಫೋನಿನ್ಯಾಗ," ಅಂದಳು. "ನೆಪ್ಪು ಮಾಡ್ಕೋ."

ನಂದೀಶ ಮಸುಕು ಗಾಜನ್ನೇ ದಿಟ್ಟಿಸಿದ.

"ಹೇಳ್ಲಿಕ್ಕತ್ತಿದ್ದ," ಅಂದ. "ನಾ ಟಿವಿ ನೋಡ್ಲಿಕ್ಕತ್ತಿದ್ದೆ."

ಚಂದ್ರವ್ವ ಬಯ್ಯಲಿಲ್ಲ. "ನಾನೂ ಬ್ಯಾಳಿ ಕಡೀಲಿಕ್ಕತ್ತಿದ್ದೆ," ಅಂದಳು.

ಎದುರಿಗೆ ಒಂದು ಲಾರಿ ಭರ್ರನೆ ಹಾದು ಹೋಯಿತು. ಅದು ಪಕ್ಕಕ್ಕೆ ಬರುವ ತನಕ ಇಬ್ಬರಿಗೂ ಕಂಡೇ ಇರಲಿಲ್ಲ. ನಂದೀಶ ಇಂಡಿಕೇಟರು ಹಾಕಿ ಗಾಡಿಯನ್ನು ರಸ್ತೆಯ ಅಂಚಿಗೆ ತೆಗೆದ. ಹಿಂದಿನ ಸಾಲಷ್ಟೂ ಒಂದೊಂದಾಗಿ ನಿಂತಿತು. ಹೆಣದ ಗಾಡಿ ಮಾತ್ರ ತಿರುವು ದಾಟಿ ಮರೆಯಾಯಿತು. ಗಂಡ ಒಬ್ಬನೇ ಮುಂದೆ ಹೋಗುತ್ತಿದ್ದಾನೆ ಅನ್ನಿಸಿತು ಚಂದ್ರವ್ವನಿಗೆ. ಮೃತ್ಯುಂಜಯ ಧೋತರ ಎತ್ತಿ ಹಿಡಿದು ಓಡುತ್ತ ಬಂದ.

"ಏನಾತೋ ತಮ್ಮಾ? ಅವರು ಮುಂದ ಹೋಗೇಬಿಟ್ರಲ್ಲೋ."

"ಗಾಜು ಒರಸ್ತೀನಿ ಕಾಕಾ. ಒಂದು ನಿಮಿಷ."

"ಇಷ್ಟು ದೊಡ್ಡ ಗಾಡಿಯೊಳಗ ಒಂದು ಹನಿ ನೀರಿಲ್ಲೇನು?"

ನಂದೀಶ ಟೈ ಬಿಚ್ಚಿ, ಗಾಜಿಗೆ ಉಸಿರು ಊದಿ ಊದಿ ಒರೆಸಿದ. ಒರೆಸಿ ಇತ್ತ ಬರುವಾಗ ಹೆಡ್‌ಲೈಟಿನ ಮುಂದೆ ನಿಂತ. ಗಾಡಿಪೂಜೆಯ ವಿಭೂತಿಯನ್ನು ಹುಟ್ಟಿದಾಗಿನಿಂದ ಕಂಡವನೇ; ನಿಂತು ನೋಡಿದವನಲ್ಲ. ಬಗ್ಗಿ ನೋಡಿದ. ತನ್ನ ಬಲಗೈಯನ್ನು ಗಾಜಿಗೆ ತಾಗದಂತೆ ಗೆರೆಗಳ ಮುಂದೆ ಹಿಡಿದು, ಉಂಗುರದ ಬೆರಳನ್ನು ಮಡಚಿದ. ಒಳಗೆ ಕೂತ ಚಂದ್ರವ್ವನಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು.

*

ಸ್ಮಶಾನದಲ್ಲಿ ಅವರಿಗಾಗಿ ಕಾದಿದ್ದರು. ತಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಕೊಡಲು ಆಗಲಿಲ್ಲವೆಂದು ಮೃತ್ಯುಂಜಯ ನೊಂದುಕೊಂಡ; ಪೆಟ್ಟಿಗೆಯಲ್ಲಿ ಮಲಗಿಸಿಯೇ, ಎಡಗೈಯಲ್ಲಿ ಲಿಂಗ ಇಟ್ಟು, ಹಣೆಗೆ ವಿಭೂತಿ ಬಳಿದು ಮುಚ್ಚಿದರು. ಹಿಡಿ ಹಿಡಿ ಮಣ್ಣು ಬಿತ್ತು. ಚಂದ್ರವ್ವ ಅತ್ತಳು. ಅಳುವಾಗಲೂ ಎರಡು ಸಲ ತಿರುಗಿ ಆಕಾಶದ ಕಡೆ ನೋಡಿದಳು, ಮೋಡ ಗೀಡ ಕಟ್ಟಿದೆಯೇನೋ ಎಂದು.

ಮೋಡ ಬರಲಿಲ್ಲ. ಹಿಂತಿರುಗುವಾಗ ಬಿಸಿಲು ಬೆನ್ನಿಗಿತ್ತು, ಗಾಜು ತಿಳಿಯಾಗಿತ್ತು, ನಂದೀಶ ಎರಡೂ ಕೈಯಿಂದ ಸ್ಟೇರಿಂಗು ಹಿಡಿದು ನಿಧಾನ ಬಿಟ್ಟ. ಗ್ಯಾರೇಜಿನ ಕೀಲಿ ನನ್ನ ಹತ್ತಿರವೇ ಇರಲಿ ಅಂದಳು. ಇರಲಿ ಅಂದ. ಗಾಡಿ ಮಾರುವ ಮಾತನ್ನು ಅವನು ಎತ್ತಲಿಲ್ಲ. ತಮ್ಮ ಬೀದಿ ಬಂದಾಗ ಸಂಜೆ ಕವಿಯುತ್ತಿತ್ತು. ಚಂದ್ರವ್ವ ಗ್ಯಾರೇಜಿನ ಕೀಲಿಯನ್ನು ಕೈಗೆ ತೆಗೆದುಕೊಂಡಳು.

ಗೇಟಿನಲ್ಲಿ ಅನುರಾಧಾ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದಳು. ಅವಳ ಕಾಲ ಬಳಿ ತುಂಬಿದ ಬಕೆಟ್ಟು, ನೀರಿನಲ್ಲಿ ಅರಿಸಿನ ಕದಡಿತ್ತು.

"ಅಲ್ಲೇ ನಿಲ್ಸಿ ನಂದೀಶ. ಅಲ್ಲಿಗೆ ಹೋಗಿ ಬಂದಿರೋ ಗಾಡಿ, ಹಾಗೇ ಒಳಗೆ ತರಬಾರದು. ಅಕ್ಕ ಸುಸ್ತಾಗಿದಾರೆ, ನಾನೇ ಹಾಕ್ತೀನಿ ನೀರು."

ಅವಳ ತವರಿನಲ್ಲಿ ಹಾಗೆ. ಸೂತಕದ ಮನೆಗೆ ಇದೊಂದು ಕೆಲಸವನ್ನಾದರೂ ತಾನು ಮಾಡಿಕೊಡಬೇಕೆಂದು ಬಿಸಿನೀರು ಕಾಯಿಸಿ ಕಾದು ನಿಂತಿದ್ದಳು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ತೊಳೆಯಬೇಕಾದ ಮೈಲಿಗೆಯೂ ಇಲ್ಲ ಎಂದು ಇಷ್ಟು ವರ್ಷದ ನೆರೆಯಲ್ಲಿ ಅವಳಿಗೆ ಹೇಳುವ ಸಂದರ್ಭವೇ ಬಂದಿರಲಿಲ್ಲ.

ಬ್ಯಾಡ ಅನ್ನಲು ಚಂದ್ರವ್ವ ಬಾಯಿ ತೆರೆದಳು. ಸೀಟಿನ ಬೆಲ್ಟನ್ನು ಜಗ್ಗಿದಳು, ಅದು ಇನ್ನಷ್ಟು ಬಿಗಿಯಿತು. ಬಕೆಟ್ಟು ಮೇಲೆದ್ದಿತು. ನಂದೀಶ ಬಾಗಿಲು ತೆರೆದಿಟ್ಟೇ ಮುಂದಕ್ಕೆ ಧುಮುಕಿದ.

ನೀರು ಬಾನೆಟ್ಟಿನ ಮೇಲಿಂದ ಹರಡಿ ಬಿತ್ತು. ಎಡಗಡೆಯ ಹೆಡ್‌ಲೈಟಿನಿಂದ ಬೆಳ್ಳನೆಯದೊಂದು ಧಾರೆ ಬಂಪರಿಗಿಳಿದು, ಅರಿಸಿನದಲ್ಲಿ ಬೆರೆತು, ಚರಂಡಿಯ ಕಡೆ ಹರಿಯಿತು.

ಬಲಗಡೆಯದರ ಮುಂದೆ ನಂದೀಶ ಮಂಡಿಯೂರಿ, ಕರಿ ಸೂಟಿನ ಬೆನ್ನಿನಿಂದ ನೀರು ಸುರಿಸುತ್ತ, ಎರಡೂ ಅಂಗೈಗಳನ್ನು ಗಾಜಿಗೆ ಕವುಚಿ ಹಿಡಿದಿದ್ದ. ಅನುರಾಧಾ ಖಾಲಿ ಬಕೆಟ್ಟು ಹಿಡಿದುಕೊಂಡೇ ನಿಂತಳು. ಕೊನೆಯ ಹನಿ ತೊಟ್ಟಿಕ್ಕಿ ನಿಂತ ಮೇಲೂ ಅವನು ಕೈ ತೆಗೆಯಲಿಲ್ಲ. ಲೈಟು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಅದರ ಬೆಳಕು ಅವನ ಬೆರಳುಗಳ ಸಂದಿನಲ್ಲಿ ಕೆಂಪಗೆ ಹಾಯುತ್ತಿತ್ತು.