ರೇವವ್ವನ ಕೈ ಮತ್ತ ಎಲಿ ಚಿತ್ರದ ಕ್ರೀಮು

ಸಂಶಿಯ ರೊಟ್ಟಿ ಕೇಂದ್ರದಾಗ ರೇವವ್ವ ರೊಟ್ಟಿ ಬಡಿಯಾಕ ಕುಂತ್ಳಂದ್ರ ಉಳದ ಹೆಂಗಸ್ರು ಬರೇ ಸೈಡ್ ಆಕ್ಟರು. ಅಂಥಾಕಿನ್ನ ಆವತ್ತ ಕೇಂದ್ರ ನಡಸೂ ಕೆಂಚವ್ವ ಹಂಚಿನ ಮುಂದಿಂದ ಎಬ್ಬಿಸಿದ್ಲು.

"ಹಿಟ್ಟಿಗೆ ರಕ್ತ ಹತ್ತೇತಿ, ರೇವವ್ವ. ಕೈ ನೆಟ್ಟಗಾಗೂತನಕ ಬರಬ್ಯಾಡ."

ಯಾರೂ ತಲಿ ಎತ್ತಲಿಲ್ಲ. ರೇವವ್ವ ಸೆರಗಿನಾಗ ಕೈ ಮುಚ್ಕೊಂಡು ಮನಿಗೆ ಬಂದ್ಲು.

ಮೂರು ತಿಂಗಳಿಂದ ಕೈಯಾಗ ಇಸಬು. ತುರಸೂದು, ಸೀಳೂದು. ಮೊದಲಿಗೆ ಗಂಡ ಮಡಿವಾಳೆಪ್ಪ ಹುಬ್ಬಳ್ಳಿಯಿಂದ ಘಮಘಮ ಕ್ರೀಮ್ ತಂದು, "ಹಚ್ಚಿ ನೋಡು, ಎಂಟು ದಿನದಾಗ ನಿನ್ನ ಕೈ ಹೀರೋಯಿನ್ ಗಲ್ಲ ಆಗಿರ್ತಾವು" ಅಂತ ಡೈಲಾಗ್ ಹೊಡದಿದ್ದ. ಹಚ್ಚಿದ ಕೂಡ್ಲೆ ಬೆಂಕಿ ಇಟ್ಟಂಗ ಉರೀತಿತ್ತು. ಉರದ್ರ ಔಷಧ ಹತ್ತಾಕತ್ತೇತಿ ಅಂತ ತಿಳಕೊಂಡು ರೇವವ್ವ ದಿನಕ್ಕ ಎರಡು ಸಲ ಹಚ್ಚೂದನ್ನ ನಾಕು ಸಲ ಮಾಡಿದ್ಲು.

ಸಂಜಿಗೆ ಆಶಾ ಕಾರ್ಯಕರ್ತೆ ನಂದಾ ಬಂದ್ಲು. ಕೈ ನೋಡಿ, "ಏನ್ ಹಚ್ಚಾಕತ್ತೀರಿ ಚಿಗವ್ವಾ? ತರ್ರಿ ಡಬ್ಬಿ" ಅಂದ್ಲು.

"ಗಿಡಮೂಲಿಕಿದು ಐತಿ ಬಿಡವಾ," ಮಡಿವಾಳೆಪ್ಪ ಅಂದ. "ಎಲಿ ಚಿತ್ರ ಕಾಣವಲ್ದೇನು? ಗಿಡದ್ದು ಏನ್ ಮಾಡ್ತೈತಿ?"

"ತುರಚಿನೂ ಗಿಡಾನ ಅಲ್ಲೇನ್ರಿ ಕಾಕಾ? ಒಂದೀಟು ತಿಕ್ಕೊಂಡು ನೋಡ್ರಿ."

ಮಡಿವಾಳೆಪ್ಪ ಡಬ್ಬಿ ಆಕಿ ಕೈಯಾಗ ಇಟ್ಟ.

ಡಬ್ಬಿ ಹಿಂದ ಅಂಗಡಿಯಾಂವ ರೇಟಿನ ಚೀಟಿ ಅಂಟಿಸಿದ್ದ. ನಂದಾ ಉಗುರಿಲೆ ಕೆರದ್ಲು. ಕೆಳಗ ಇರವಿ ಸಾಲಿನಂಥಾ ಇಂಗ್ಲಿಷ್ ಅಕ್ಷರ.

"ಇಲ್ಲೈತಿ ನೋಡ್ರಿ, ಫ್ರೇಗ್ರನ್ಸ್. ಕೆಲವದರ ಮ್ಯಾಲೆ ಪಾರ್ಫಮ್ ಅಂತಿರ್ತೈತಿ. ಎರಡೂ ಘಮಘಮಾನ. ಇಸಬು ಇದ್ದ ಭಾಳ ಮಂದಿಗೆ ಇದು ಆಗಂಗಿಲ್ಲ. ಸುವಾಸನಿ ಎಣ್ಣಿ, ಕುರಿ ಉಣ್ಣೆಯ ಜಿಡ್ಡು ಲ್ಯಾನೊಲಿನ್, ಕ್ರೀಮ್ ಕೆಡದಂಗ ಹಾಕೂ ಔಷಧ, ಅವೂ ಕೆಲವರಿಗೆ ಒಗ್ಗಂಗಿಲ್ಲ. ಉರೀತಂದ್ರ ಚರ್ಮ ಬ್ಯಾಡ ಅನ್ನಾಕತ್ತೇತಿ ಅಂತ ತಿಳೀರಿ."

ರೇವವ್ವ ಎರಡೂ ಕೈ ಮುಂದ ಹಿಡದು ನೋಡ್ಕೊಂಡ್ಲು. "ಹಂಗಾರ ನನ್ನ ಕೈ ನಾನ ಸುಟ್ಕೊಂಡೆ ಏನವಾ?"

ನಂದಾ ಡಬ್ಬಿ ಬಾಜುಕ್ಕ ಇಟ್ಲು. "ನಾಳೆ ದವಾಖಾನಿಗೆ ಹೋಗೂಣು" ಅಂದ್ಲು.

ಡಾಕ್ಟರು ಆ ಕ್ರೀಮ್ ಬಿಡಿಸಿ, ವಾಸನಿ ಹಾಕದ ಮುಲಾಮು ಕೊಟ್ರು. ಈಗ ತಿಂಗಳಾತು. ರಕ್ತ ನಿಂತೈತಿ, ತುರಕಿ ಇನ್ನೂ ಐತಿ. ಕೇಂದ್ರದಾಗ ಹಂಚಿನ ಮುಂದ ಬ್ಯಾರೆಯಾಕಿ ಕುಂತಾಳ. ಬಾಜು ಓಣಿಯಿಂದ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ರೇವವ್ವ ಎದ್ದು ಬಾಗಲಾ ಹಾಕ್ತಾಳ. ಮಡಿವಾಳೆಪ್ಪ ಈಗ ಸಬಕಾರ ತಗೋಬೇಕಾದ್ರೂ ಅಂಗಡಿಯಾಗ ನಿಂತು, ಹಿಂದಿಂದು ಓದಿಸಿನ ತರ್ತಾನ.

ಅಕ್ಕಾರ, ಅಣ್ಣಾರ, ನಿಮ್ಮ ಮನ್ಯಾಗಿನ ಡಬ್ಬೀನೂ ತಿರುವಿ ನೋಡ್ರಿ. ಓದಾಕ ಬರದಿದ್ರ ಆಶಾ ಅವರಿಗೆ ತೋರಿಸ್ರಿ. ಹೊಸಾದು ತಂದ್ರ ಮೊದಲ ಮೊಣಕೈ ಒಳಬದಿಗೆ ದಿನಾ ಎರಡು ಸಲ ಒಂದೊಂದು ಬೊಟ್ಟು ಹಚ್ಚಿ ಒಂದು ವಾರ ನೋಡ್ರಿ. ತುರಿಸಿದ್ರ, ಕೆಂಪಾದ್ರ ಬಿಟ್ಟು ಡಾಕ್ಟರ್ ಕಡೆ ಹೋಗ್ರಿ. ತಿರುವಿ ನೋಡಾಕ ಒಂದು ನಿಮಿಷ ಸಾಕು. ರೇವವ್ವಗ ಅದನ್ನ ಯಾರೂ ಹೇಳಿರಲಿಲ್ಲ. ನಿಮಗ ಹೇಳೇವಿ.