ಮಾರಾಟವಾದ ಕಟ್ಟಿಗೆ

“ಇಳ್ಸೇ ಹೊರೆನ, ಕಳ್ಳಿ! ಮಾರಿದ ಮಾಲಿಗೆ ಕೈ ಇಕ್ತೀಯಾ?”

ಕಂಪನಿಯ ಮೇಲ್ವಿಚಾರಕ ಅರಿಸ್ತಿದೆಸ್ ಬೂಟುಗಾಲಿನಿಂದ ಒದ್ದ. ನಿಕೊಲಾಸಾಳ ಬೆನ್ನ ಮೇಲಿದ್ದ ಕಟ್ಟಿಗೆ ಕೆಸರಿಗೆ ಚೆಲ್ಲಿತು. ಹೊರೆಯನ್ನು ಹಿಡಿದಿದ್ದ ಹಣೆಪಟ್ಟಿ ಕುತ್ತಿಗೆಗೆ ಜಾರಿ, ಅವಳು ಮೊಣಕಾಲೂರಿ ಬಿದ್ದಳು.

ಯುಕಟಾನಿನ ಕಡಲಂಚಿನ ಈ ಉಪ್ಪುನೀರಿನ ಕಾಂಡ್ಲಾ ಕಾಡು ಒಮ್ಮೆ ಸತ್ತಿತ್ತು. ರಸ್ತೆ ಹಾಕಿದವರು ಉಬ್ಬರದ ನೀರಿನ ದಾರಿ ಮುಚ್ಚಿದ್ದರು. ನಾವು ಊರಿನ ಹೆಂಗಸರು ಸೊಂಟದ ಮಟ್ಟ ಕೆಸರಿನಲ್ಲಿ ನಿಂತು, ಕೈಯಿಂದಲೇ ಕಾಲುವೆ ತೋಡಿ ನೀರನ್ನು ವಾಪಸು ಕರೆದೆವು. ಮರ ಚಿಗುರಿದ ಮೇಲೆ ಕಂಪನಿ ಬಂತು. ಮರಗಳು ಹೀರಿಟ್ಟುಕೊಂಡ ಹೊಗೆಗೆ ಬೆಲೆ ಕಟ್ಟಿ, ತಾವು ಉಗುಳುವ ಹೊಗೆಗೆ ಸರಿದೂಗಿಸಿಕೊಳ್ಳಿ ಎಂದು ದೂರದೇಶದ ವಿಮಾನ ಕಂಪನಿಗಳಿಗೆ ಮಾರಿತು. ನಮಗೆ ದಿನಗೂಲಿ.

“ಒಣಗಿದ್ದು ಸಾಮಿ,” ಎಂದಳು ನಿಕೊಲಾಸಾ. “ನಾಳಿದ್ದು ಸತ್ತೋರ ಹಬ್ಬ. ನನ್ ಗಂಡ ಕಡಲು ಪಾಲಾದ್ಮೇಲೆ ಇದೇ ಮೊದಲ್ನೇದು. ಕೋಳಿ, ಜೋಳದಿಟ್ಟು ಬಾಳೆಲೇಲಿ ಸುತ್ತಿ ಗುಂಡೀಲಿ ಹೂತು ಬೇಯಿಸ್ಬೇಕು. ಇಲ್ದಿದ್ರೆ ಅವತ್ತು ಮನೆಗೆ ಬರೋ ಅವನು ಹಸ್ಕೊಂಡೇ ವಾಪಸ್ ಹೋಗ್ತಾನೆ.”

“ಒಣಗಿದ್ದೂ ಲೆಕ್ಕದಲ್ಲೈತೆ. ಗ್ಯಾಸ್ ಮೇಲೆ ಬೇಯಿಸಿದ್ರೆ ನಿನ್ ಗಂಡ ಮೂಸಲ್ವಾ? ಹಂದಿ ಥರ ಕೆಸರಲ್ಲಿ ಬಿದ್ದಿರೋಳಿಗೆ ಶಾಸ್ತ್ರ ಬೇರೆ ಕೇಡು!”

ಕಾವಲುಗಾರ ಕಸಿಮಿರೊ ಅವಳು ಮುಖ ಒರೆಸಿಕೊಳ್ಳಲೆಂದು ತನ್ನ ಕುತ್ತಿಗೆಯ ವಸ್ತ್ರವನ್ನು ಬಿಚ್ಚಿದ. ಅದು ಬೆವರಿನಿಂದ ತೊಯ್ದಿತ್ತು. ಒಣಗಿದ ಮೂಲೆಯೊಂದನ್ನು ಹುಡುಕಿ ಅವಳ ಕಡೆ ಹಿಡಿದ.

ಮರುದಿನ ಬೆಳಿಗ್ಗೆ ದುಡ್ಡು ಹೂಡಿದವರು ಕಾಡು ನೋಡಲು ಬಂದರು. ಅರಿಸ್ತಿದೆಸ್ ನಮಗೆಲ್ಲ ಹಸಿರು ಅಂಗಿ ಹಂಚಿದ. “ಬಾಯಿ ಮುಚ್ಕೊಂಡು ನಗ್ತಾ ನಿಲ್ರಿ.”

“ಬಾಯ್ ಮುಚ್ಕೊಂಡು ಎಂಗೋ ನಗೋದು, ಬೋಳಿಮಗನೆ?” ಎಂದು ಮುದುಕಿ ಕ್ರಿಸಾಂತಾ ಮಾಯಾ ಭಾಷೆಯಲ್ಲಿ ಕೇಳಿದಳು. ನಾವು ಕಿಸಕ್ಕೆಂದೆವು. ಅರ್ಥವಾಗದ ಅವನೂ ನಕ್ಕ.

ಬಂದವರಲ್ಲಿ ಒಬ್ಬ ಹೆಂಗಸು ನಿಕೊಲಾಸಾಳ ಸೀಳಿದ ಅಂಗೈಗಳನ್ನು ನೋಡಿದಳು. “ಈ ಕಾಡಿಂದ ನಿಮಗೆ ಏನು ಸಿಗ್ತು?” ಎಂದು ಕೇಳಿದಳು.

“ಸಂತೋಷ ಮೇಡಂ,” ಎಂದ ಅರಿಸ್ತಿದೆಸ್.

ನಿಕೊಲಾಸಾ ಹಸಿರು ಅಂಗಿಯನ್ನು ತಲೆಯ ಮೇಲಿಂದ ತೆಗೆದು ಅವನ ಹೆಗಲಿಗೆ ಹಾಕಿದಳು. ಒಳಗೆ ಅವಳ ಕಸೂತಿಯ ಹಳೇ ರವಿಕೆಯಿತ್ತು. ನೀರಿಗಿಳಿದು, ಮೊದಲ ಮರಕ್ಕೆ ಕಂಪನಿಯವರು ಹೊಡೆದಿದ್ದ ನಂಬರಿನ ತಗಡನ್ನು ಹಿಡಿದು ಕಿತ್ತಳು.

“ಏಯ್! ನಂಬರ್ ಇಲ್ದಿದ್ರೆ ಅಳೆಯೋದೆಂಗೆ? ಮಾರೋದೆಂಗೆ?”

“ಮಾರೋ ಮಾತಾಡೋವಾಗ ನಮ್ಮನ್ನೂ ಕೂರ್ಸು. ಬಂದ ದುಡ್ಡಲ್ಲಿ ಕಾಲುವೆಗಿಷ್ಟು, ಊರಿಗಿಷ್ಟು, ಒಣಗಿದ್ದು ನಮ್ದು ಅಂತ ನಮ್ ಮುಂದೇನೇ ತೀರ್ಮಾನ ಆಗ್ಲಿ. ಅಲ್ಲೀಗಂಟ ಇದು ಬರೀ ಮರ ಕಣೋ.”

ಕ್ರಿಸಾಂತಾ ಲಂಗ ಎತ್ತಿಕಟ್ಟಿ ಇಳಿದಳು. ಅವಳ ಹಿಂದೆ ನಾವೆಲ್ಲ. ಮರಕ್ಕೆ ನೋವಾಗದಂತೆ ಮೊಳೆ ಅಲ್ಲಾಡಿಸಿ, ತಗಡುಗಳನ್ನು ಒಂದೊಂದಾಗಿ ಕಿತ್ತು ದಡಕ್ಕೆ ಎಸೆದೆವು.

“ಕಸಿಮಿರೊ! ಹಿಡಿಯೋ ಆ ಲೌಡಿನ!”

ಕಸಿಮಿರೊ ಬಗ್ಗಿ ಬೂಟಿನ ದಾರ ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟತೊಡಗಿದ.

ಅಷ್ಟರಲ್ಲಿ ನಿಕೊಲಾಸಾ ತುಂಬ ಒಳಗೆ ಹೋಗಿದ್ದಳು. ಒಣ ಕೊಂಬೆಯೊಂದನ್ನು ಮೊಣಕಾಲಿಗೆ ಆನಿಸಿ ಮುರಿದಳು. ಆ ಸದ್ದಿಗೆ, ದಡದಲ್ಲಿ ನಿಂತಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದರು. ಅವಳು ಇನ್ನೊಂದನ್ನು ಮುರಿದಳು.