ಫ್ರೇಮಿನಣ್ಣ ಕೊಟ್ಟ ಉತ್ತರ

ಫೋಟೊಗಳಿಗೆ ಫ್ರೇಮ್ ಹಾಕಿಕೊಡುವ ಅಣ್ಣ ಅವತ್ತು ಚಹಾವನ್ನು ಅರ್ಧಕ್ಕೇ ಬಿಟ್ಟ. ಮೊಬೈಲಿನಲ್ಲಿ ಅವನ ಅಂಗಡಿಯ ಹೆಸರಿನ ಕೆಳಗೆ ಯಾರೋ ಒಂದೇ ಒಂದು ಸ್ಟಾರ್ ಕೊಟ್ಟು ಬರೆದಿದ್ದರು: "ಮೋಸದ ಅಂಗಡಿ. ತೀರಿಕೊಂಡ ನನ್ನ ಅಮ್ಮನ ಮುಖವನ್ನೇ ಕೆಡಿಸಿದರು. ಯಾರೂ ಹೋಗಬೇಡಿ."

ಯಾರೋ ಏನು, ಹೆಸರೇ ಇತ್ತು. ಹಿಂದಿನ ಬೀದಿಯ ಟೀಚರಮ್ಮ. ಅಮ್ಮ ನಗುತ್ತಿದ್ದ ಫೋಟೊ ಅವರ ಹತ್ತಿರ ಇದ್ದದ್ದು ಒಂದೇ, ಅದೂ ಆಸ್ಪತ್ರೆಯ ಮಂಚದ ಮೇಲಿನದು. ಕಾಯಿಲೆಗೆ ತಲೆಗೂದಲೆಲ್ಲ ಉದುರಿತ್ತು. "ಕೂದಲು ಅಂದಾಜಿನ ಮೇಲೆ ಬಿಡಿಸ್ತೀನಿ, ನೀವು ನೋಡಿ ಒಪ್ಪಿದ್ರೆ ಮಾತ್ರ ಫ್ರೇಮ್" ಎಂದು ಅಣ್ಣ ಮೊದಲೇ ಹೇಳಿದ್ದ. ಟೀಚರಮ್ಮ ನೋಡಿ, ಹೂಂ ಅಂದು, ಕಣ್ಣೊರೆಸಿಕೊಂಡು ಒಯ್ದಿದ್ದರು.

"ಇಪ್ಪತ್ತು ವರ್ಷ ಸಂಪಾದಿಸಿದ ಹೆಸರು ಅಕ್ಕಾ! ಒಂದೇ ಬೆರಳಲ್ಲಿ ಮಣ್ಣುಪಾಲು ಮಾಡಿಬಿಟ್ರು" ಎಂದು ಪಕ್ಕದ ಬೇಕರಿ ಅಕ್ಕನ ಮುಂದೆ ಗೋಳಾಡಿದ.

"ಈಗಲೇ ಉತ್ತರ ಬರೀಬೇಡ್ವೋ" ಅಂದಳು ಅಕ್ಕ. "ಅಂಗಡಿ ಮೆಟ್ಟಿಲೇ ಹತ್ತದವನೊಬ್ಬ ನನ್ನ ಕೇಕು ಹಳಸಿತ್ತು ಅಂತ ಬರೆದಿರ್ಲಿಲ್ವಾ? ಒಂದು ದಿನ ಸುಮ್ನಿದ್ದೆ. ಆಮೇಲೆ ಮರ್ಯಾದೆಯಿಂದ ಎರಡು ಸಾಲು ಬರೆದೆ, ಸುಳ್ಳು ಅಂತ ಆ ಆ್ಯಪಿನವ್ರಿಗೆ ದೂರೂ ಕೊಟ್ಟೆ. ತಿಂಗಳು ಹಿಡೀತು, ಆದ್ರೂ ಅದನ್ನ ತೆಗೆದ್ರು."

"ನಿಂದು ಕೇಕು ಅಕ್ಕಾ, ನಂದು ಮಾನ. ಸಾಕ್ಷಿ ಇದೆ ನನ್ನ ಹತ್ರ."

ಅಕ್ಕ ಓವನ್ ನೋಡಲು ಎದ್ದುಹೋದಳು. ಅಷ್ಟರಲ್ಲಿ ಅಣ್ಣ ಟೀಚರಮ್ಮ ಬರೆದದ್ದರ ಕೆಳಗೆ ಆಸ್ಪತ್ರೆಯ ಆ ಫೋಟೊವನ್ನೇ ಹಾಕಿ, "ನನಗೆ ಕೊಟ್ಟಿದ್ದು ಈ ಮುಖ. ಕೆಡಿಸಿದ್ದು ಯಾರು, ನೀವೇ ಹೇಳಿ" ಎಂದು ಬರೆದುಬಿಟ್ಟ. ಸಂಜೆಯವರೆಗೂ ಜನ ಹೌದು ಹೌದು ಅಂದರು. ಪುಣ್ಯಾತ್ಮ ಎದೆಯುಬ್ಬಿಸಿಕೊಂಡು ಓಡಾಡಿದ.

ಮರುದಿನ ಟೀಚರಮ್ಮ ಬಂದರು. ಜಗಳಕ್ಕೆಂದು ಎದ್ದು ನಿಂತವನಿಗೆ ಜಗಳವೇ ಸಿಗಲಿಲ್ಲ.

"ಅಣ್ಣಾ, ತಲೆಗೆ ಬಟ್ಟೆ ಇಲ್ದೆ ಅಮ್ಮ ನನ್ನ ಗಂಡನ ಎದುರಿಗೂ ಬರ್ತಿರ್ಲಿಲ್ಲ. ಈಗ ನನ್ನ ಶಾಲೆ ಮಕ್ಕಳ ಫೋನಲ್ಲೂ ಅವಳಿದಾಳೆ." ಅವರು ಸ್ಟೂಲಿನ ಮೇಲೆ ಕೂತರು. "ನಾನು ಬರೆದಿದ್ದು ತಪ್ಪೇ. ಫೋಟೊ ಗೋಡೆಗೆ ಹಾಕಿದ ದಿನ ದುಃಖ ತಡ್ಕೊಳ್ಳೋಕಾಗ್ಲಿಲ್ಲ, ನಿಮ್ಮ ಮೇಲೆ ತೀರಿಸ್ಕೊಂಡೆ. ಆದ್ರೆ ಅವಳೇನು ಮಾಡಿದ್ಲು ನಿಮಗೆ?"

ಅಣ್ಣ ಬೇಕರಿ ಅಕ್ಕನನ್ನು ಕೂಗಿ ಕರೆದ. ಅಕ್ಕ ಪಕ್ಕದಲ್ಲಿ ಕೂತು, ಹಾಕಿದ್ದ ಆ ಫೋಟೊವನ್ನು ಅವನ ಕೈಯಲ್ಲೇ ಅಳಿಸಿಸಿದಳು. ಟೀಚರಮ್ಮನೂ ತಾವು ಬರೆದದ್ದನ್ನು ಅಳಿಸಿ ಎದ್ದುಹೋದರು. ಅಂಗಡಿಯ ಹೆಸರು ಉಳಿಯಿತು. ಆದರೆ ಆ ಹೆಸರು ನೋಡಿದರೆ ಅಣ್ಣನಿಗೆ ಈಗ ನಾಚಿಕೆಯಾಗುತ್ತದೆ. "ನಿನ್ನ ಮಾತು ಕೇಳ್ಬೇಕಿತ್ತು ಅಕ್ಕಾ" ಎನ್ನುತ್ತಾನೆ, ದಿನಕ್ಕೊಮ್ಮೆಯಾದರೂ.

ಅಂಗಡಿ ಇಟ್ಟುಕೊಂಡ ಅಕ್ಕ ಅಣ್ಣಂದಿರೇ, ನಿಮ್ಮ ಮೇಲೂ ಒಂದು ದಿನ ಇಲ್ಲಸಲ್ಲದ್ದು ಬರೆದಾರು. ಸಿಟ್ಟು ಬರುತ್ತದೆ, ಸಹಜ. ಅವತ್ತು ಫೋನು ಕೆಳಗಿಡಿ. ಮರುದಿನ, "ನಿಮಗೆ ಬೇಸರವಾಗಿದ್ದಕ್ಕೆ ನಮಗೂ ನೋವಿದೆ, ಬನ್ನಿ, ಮಾತಾಡೋಣ" ಎಂದಷ್ಟೇ ಬರೆಯಿರಿ. ಶುದ್ಧ ಸುಳ್ಳಾದರೆ ಅಲ್ಲೇ ದೂರು ಕೊಡಿ. ಆದರೆ ಗಿರಾಕಿ ನಂಬಿ ಕೊಟ್ಟ ಫೋಟೊ, ನಂಬರು, ಮನೆಯ ವಿಷಯ ಯಾವುದನ್ನೂ ಸಾಕ್ಷಿಯೆಂದು ಹಾಕಬೇಡಿ. ಹಾಕಿದ್ದನ್ನು ತೆಗೆಯಲು ಒಂದು ಗಳಿಗೆ ಸಾಕು. ನೋಡಿದವರು ಮರೆಯುವಂತೆ ಮಾಡಲು ಯಾರಿಂದಲೂ ಆಗುವುದಿಲ್ಲ.